ಮನೆಖರ್ಚಿನ ಲೆಕ್ಕಕ್ಕೆ ಉಚಿತ ಆ್ಯಪ್: ಯಾವುದು, ಹೇಗೆ

ಮೊದಲು ಒಂದು ತೀರ್ಮಾನ ಆಗಬೇಕು. ಬ್ಯಾಂಕಿನ ಎಸ್‌ಎಂಎಸ್ ಓದಿ ತಾನೇ ಲೆಕ್ಕ ಬರೆದುಕೊಳ್ಳುವ ಆ್ಯಪ್ ಬೇಕೋ, ನೀವೇ ಕೈಯಾರೆ ತುಂಬುವ ಆ್ಯಪ್ ಬೇಕೋ? ಮನೆಖರ್ಚಿಗೆ ಎರಡನೆಯದೇ ವಾಸಿ, ಸೋಮಾರಿತನಕ್ಕೆ ಮೊದಲನೆಯದು ಎಷ್ಟೇ ಹಿತವಾಗಿದ್ದರೂ.

ಕಾರಣ ಎಸ್‌ಎಂಎಸ್‌ನಲ್ಲೇ ಇದೆ. ಚಿಲ್ಲರೆ ಪಾವತಿಗೆಂದು ಮೊದಲೇ ಹಣ ತುಂಬಿಡುವ ಯುಪಿಐ ಲೈಟ್‌ಗೆ 2,000 ರೂಪಾಯಿ ಹಾಕಿದಿರಿ ಅಂದುಕೊಳ್ಳಿ. ತುಂಬಿದ್ದಕ್ಕೆ ಸಂದೇಶ ಬರುತ್ತದೆ. ಆಮೇಲೆ ಅದರಿಂದ ಹಾಲಿಗೆ, ಸೊಪ್ಪಿಗೆ, ಆಟೋಗೆ ಕೊಟ್ಟಿದ್ದಕ್ಕೆ ಒಂದೊಂದಾಗಿ ಬರುವುದಿಲ್ಲ. ಆ್ಯಪ್‌ಗೆ ಕಾಣುವುದು ‘ಖರ್ಚು 2,000’ ಎಂಬ ಒಂದೇ ಸಾಲು. ಎಚ್‌ಡಿಎಫ್‌ಸಿ ಬ್ಯಾಂಕ್ 2024ರ ಜೂನ್‌ನಿಂದ 100 ರೂಪಾಯಿಗಿಂತ ಕಡಿಮೆಯ ಯುಪಿಐ ಪಾವತಿಗೆ ಎಸ್‌ಎಂಎಸ್ ಕಳಿಸುವುದನ್ನೇ ನಿಲ್ಲಿಸಿದೆ. ಚಿಲ್ಲರೆ ಖರ್ಚೇ ಕೈಜಾರುವ ಜಾಗ, ಅಲ್ಲೇ ಆ್ಯಪ್ ಕುರುಡು. ಇನ್ನೊಂದು ಕಡೆ ಒಂದೇ ಖರ್ಚು ಎರಡೆರಡು ಸಲ ಸೇರುವುದೂ ಉಂಟು: ಕ್ರೆಡಿಟ್ ಕಾರ್ಡಿನಲ್ಲಿ ದಿನಸಿ ತಂದಾಗ ಒಮ್ಮೆ, ತಿಂಗಳ ಬಿಲ್ ಕಟ್ಟಿದಾಗ ಮತ್ತೊಮ್ಮೆ.

ಜೊತೆಗೆ ನಿಮ್ಮ ಮಾಹಿತಿ ಗುಟ್ಟಾಗಿ ಉಳಿಯುತ್ತದೆಯೇ ಎಂಬ ಪ್ರಶ್ನೆಯೂ ಇದೆ. ಉಚಿತ ಆ್ಯಪ್ ಎಲ್ಲಿಂದಲೋ ದುಡಿಯಲೇಬೇಕು: ಜಾಹೀರಾತು, ಪ್ರೀಮಿಯಂ ಚಂದಾ, ಇಲ್ಲವೇ ನಿಮ್ಮ ಆದಾಯ ನೋಡಿ ಸಾಲ ಮಾರುವುದು. ಪ್ಲೇ ಸ್ಟೋರ್ ಪುಟದಲ್ಲಿ ‘ಡೇಟಾ ಸೇಫ್ಟಿ’ ಭಾಗ ತೆರೆದು, ಹಣಕಾಸಿನ ಮಾಹಿತಿ ಬೇರೆಯವರಿಗೆ ಹೋಗುತ್ತದೆಯೇ ನೋಡಿ. ಕೈಯಾರೆ ಬರೆಯುವ ಆ್ಯಪ್ ಕಾಂಟ್ಯಾಕ್ಟ್ಸ್ ಅಥವಾ ಎಸ್‌ಎಂಎಸ್ ಅನುಮತಿ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಆಯ್ಕೆಗೆ ಮೂರು ಹೆಸರು ಸಾಕು. ರಿಯಲ್‌ಬೈಟ್‌ನವರ ಮನಿ ಮ್ಯಾನೇಜರ್: ಜಾಹೀರಾತು ಸಹಿಸಿಕೊಂಡರೆ ಹೆಚ್ಚಿನವರಿಗೆ ಇದೇ ಸಾಕು, ಲೆಕ್ಕವನ್ನು ಎಕ್ಸೆಲ್‌ಗೂ ತೆಗೆಯಬಹುದು. ಮೈ ಎಕ್ಸ್‌ಪೆನ್ಸಸ್: ಓಪನ್ ಸೋರ್ಸ್ (ಒಳಗಿನ ಕೋಡ್ ಯಾರು ಬೇಕಾದರೂ ನೋಡಬಹುದು), ಆಂಡ್ರಾಯ್ಡ್‌ಗೆ ಮಾತ್ರ. ಗಂಡ ಹೆಂಡತಿ ಇಬ್ಬರೂ ಬರೆಯುವುದಾದರೆ ಗುಡ್‌ಬಜೆಟ್. ಬಾಬ್ತಿಗೊಂದು ಲಕೋಟೆಯಂತೆ ಹಣ ಹಂಚಿಡುವ ಪದ್ಧತಿ ಅದರದು, ಆದರೆ ಉಚಿತ ಆವೃತ್ತಿಯಲ್ಲಿ ಲಕೋಟೆಗಳಿಗೆ ಮಿತಿಯಿದೆ. ಇಬ್ಬರೂ ಗೂಗಲ್ ಶೀಟ್ಸ್ ಬಲ್ಲವರಾದರೆ ಆ್ಯಪೇ ಬೇಡ.

ಒಪ್ಪಿಕೊಳ್ಳುವ ಮುಂಚೆ ಕಳೆದ ವಾರದ ನಿಜವಾದ ಖರ್ಚುಗಳನ್ನು ಅದರಲ್ಲಿ ಬರೆದು ನೋಡಿ. ಆ್ಯಪ್ ತೆರೆದು ‘ತರಕಾರಿ 140, ನಗದು’ ಎಂದು ಉಳಿಸಲು ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ತಿಂಗಳೊಳಗೆ ಬರೆಯುವುದು ನಿಂತುಹೋಗುತ್ತದೆ. ಆಮೇಲೆ ಲೆಕ್ಕವನ್ನು ಸಿಎಸ್‌ವಿ ಕಡತವಾಗಿ (ಎಕ್ಸೆಲ್‌ನಂಥವು ಓದಬಲ್ಲ ಸರಳ ಪಠ್ಯದ ಪಟ್ಟಿ) ಹೊರತೆಗೆಯಿರಿ. ಇದನ್ನು ಯಾರೂ ಮಾಡುವುದಿಲ್ಲ, ಮಾಡಲೇಬೇಕು. ಅಮೆರಿಕದಲ್ಲಿ ಬಲು ಜನಪ್ರಿಯವಾಗಿದ್ದ ಉಚಿತ ಲೆಕ್ಕದ ಆ್ಯಪ್ ಮಿಂಟ್ 2024ರ ಮಾರ್ಚ್‌ನಲ್ಲಿ ಬಾಗಿಲು ಹಾಕಿತು. ಉಚಿತ ಸೇವೆಗೆ ಅಂಥ ದಿನ ಬರಬಹುದು. ಬಾಬ್ತುಗಳನ್ನು ಕನ್ನಡದಲ್ಲಿ ಬರೆದಿದ್ದರೆ ಆ ಕಡತ ಎಕ್ಸೆಲ್‌ನಲ್ಲಿ ಚಿತ್ರವಿಚಿತ್ರ ಅಕ್ಷರಗಳಾಗಿ ಕಾಣಬಹುದು. ಕಡತ ಕೆಟ್ಟಿಲ್ಲ. ನೇರವಾಗಿ ತೆರೆಯದೆ, ‘ಡೇಟಾ’ ಟ್ಯಾಬಿನ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಒತ್ತಿ, ‘ಫೈಲ್ ಒರಿಜಿನ್’ನಲ್ಲಿ 65001 ಯುಟಿಎಫ್-8 ಆರಿಸಿದರೆ ಸರಿಹೋಗುತ್ತದೆ.

ಇನ್ನು ಜೋಡಣೆ. ತಿಂಗಳು ಶುರುವಾಗುವ ದಿನವನ್ನು ಸಂಬಳದ ದಿನಕ್ಕೆ ಇಡಿ. ಬ್ಯಾಂಕು, ನಗದು, ಯುಪಿಐ ಲೈಟ್, ಕಾರ್ಡು ಇವಕ್ಕೆ ಬೇರೆ ಬೇರೆ ಖಾತೆ ತೆರೆಯಿರಿ. ಎಟಿಎಂನಿಂದ ತೆಗೆದದ್ದು, ಲೈಟ್‌ಗೆ ತುಂಬಿದ್ದು, ಕಾರ್ಡ್ ಬಿಲ್ ಕಟ್ಟಿದ್ದು ಖರ್ಚಲ್ಲ; ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾವಣೆ, ಹಾಗೇ ಬರೆಯಿರಿ. ಬಾಬ್ತುಗಳು ಹತ್ತನ್ನು ದಾಟದಿರಲಿ. ದಿನಸಿಯೊಳಗೆ ಬೇಳೆ, ಎಣ್ಣೆ, ಸಾಂಬಾರ ಪುಡಿ ಎಂದು ಒಡೆಯಹೊರಟವರು ಬರೆಯುವುದನ್ನೇ ಬಿಡುತ್ತಾರೆ. ವಿಮೆ, ಶಾಲೆ ಫೀಸು, ಹಬ್ಬದ ಬಟ್ಟೆಯಂಥ ವರ್ಷಕ್ಕೊಮ್ಮೆಯ ಖರ್ಚನ್ನು ಹನ್ನೆರಡರಿಂದ ಭಾಗಿಸಿ ತಿಂಗಳ ಬಜೆಟ್ಟಿಗೆ ಸೇರಿಸಿ: 18,000ದ ಪ್ರೀಮಿಯಂ ಅಂದರೆ ತಿಂಗಳಿಗೆ 1,500.

ಚೀಟಿ ಹಾಕಿದವರು ಅದಕ್ಕೂ ಒಂದು ಖಾತೆ ಮಾಡಿಕೊಳ್ಳಿ. ಕಟ್ಟುವ ಕಂತು ಅಲ್ಲಿಗೆ ವರ್ಗಾವಣೆ, ಎತ್ತಿದಾಗ ಬರುವ ಹಣ ಅಲ್ಲಿಂದ ವಾಪಸ್ ವರ್ಗಾವಣೆ. ಅದನ್ನು ಆದಾಯ ಎಂದು ಬರೆದರೆ ಆ ತಿಂಗಳು ಮನೆ ಸಿರಿವಂತವಾದಂತೆ ಕಾಣುತ್ತದೆ. ಬೇಗ ಎತ್ತಿದರೆ ಆ ಖಾತೆ ಮೈನಸ್‌ಗೆ ಇಳಿಯುತ್ತದೆ, ಗಾಬರಿ ಬೇಡ. ಅದು ನಿಮ್ಮ ಮೇಲಿರುವ ಬಾಕಿ.

ಬ್ಯಾಕಪ್‌ನ ಮಾತು: ಲೆಕ್ಕ ಫೋನಿನಲ್ಲಷ್ಟೇ ಇರುವ ಆ್ಯಪ್‌ ಅನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಲೆಕ್ಕವೂ ಹೋಯಿತು. ವಾರಕ್ಕೊಮ್ಮೆ ಗೂಗಲ್ ಡ್ರೈವ್‌ಗೆ ಕಳಿಸಿ, ಒಮ್ಮೆಯಾದರೂ ಇನ್ನೊಂದು ಫೋನಿನಲ್ಲಿ ಅದನ್ನು ತೆರೆದು ನೋಡಿ.

ತಿಂಗಳ ಕೊನೆಯಲ್ಲಿ ಆ್ಯಪ್ ತೋರಿಸುವ ಉಳಿಕೆಯನ್ನು ಪಾಸ್‌ಬುಕ್ಕಿಗೂ ಪರ್ಸಿಗೂ ತಾಳೆ ಹಾಕಿ. ನೂರಿನ್ನೂರು ವ್ಯತ್ಯಾಸ ಬಂದರೆ ತಡಕಾಡುತ್ತ ಕೂರಬೇಡಿ, ‘ಲೆಕ್ಕ ಸಿಗದ್ದು’ ಎಂಬ ಬಾಬ್ತಿಗೆ ಹಾಕಿ ಮುಂದಿನ ತಿಂಗಳಿಗೆ ಹೋಗಿ.