ವೈನ್ ತೋಟಗಳ ಟೂರ್: ನಾನು ಬಜೆಟ್ ಹಾಕಿದ ಬಗೆ

ನಾವಿಬ್ಬರು ಮೊದಲ ಸಲ ವೈನ್ ತೋಟಗಳ ಟೂರ್ ಹೋಗಿದ್ದು ಇಟಲಿಯ ಕಿಯಾಂತಿಗೆ. ಬೆಳಿಗ್ಗೆ ಫ್ಲಾರೆನ್ಸ್‌ನಿಂದ ಹೊರಟು ಸಂಜೆ ವಾಪಸ್. ಮೂರು ವೈನರಿ (ವೈನ್ ತಯಾರಿಸುವ ಜಾಗ), ಜೊತೆಗೆ ಗೈಡ್. ನೋಡಿದ್ದರಲ್ಲೇ ಅಗ್ಗದ ಸೀಟು ಹಿಡಿದಿದ್ದೆವು. ಮೊದಲ ವೈನರಿಯಲ್ಲಿ ಗ್ಲಾಸುಗಳನ್ನು ಸಾಲಾಗಿ ಜೋಡಿಸಿಟ್ಟ ಹುಡುಗಿ ಟೇಸ್ಟಿಂಗ್ ಶುಲ್ಕ, ಅಂದರೆ ವೈನ್ ರುಚಿ ನೋಡುವ ಶುಲ್ಕ ಕೇಳಿದಳು. ಆಗಲೇ ಗೊತ್ತಾಗಿದ್ದು, ನಾವು ಕಟ್ಟಿದ್ದು ಬರೀ ಗಾಡಿಗೆ ಮತ್ತು ಗೈಡ್‌ಗೆ ಅಂತ. ಬುಕಿಂಗ್ ಕಾಗದದ ಕೊನೆಯಲ್ಲಿ ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದರು. ಮೂರು ಕಡೆ ಟೇಸ್ಟಿಂಗ್, ನಡುವೆ ಊಟ, ಕೊನೆಗೆ ಟಿಪ್ಸ್ ಎಲ್ಲ ಸೇರಿ ಸೀಟಿನ ಬೆಲೆಯ ಎರಡರಷ್ಟು ಖರ್ಚಾಯಿತು. ದುಬಾರಿ ಅಂತ ನಾವು ಬಿಟ್ಟಿದ್ದ ಇನ್ನೊಂದು ಟೂರ್‌ನಲ್ಲಿ ಇದೆಲ್ಲ ಸೇರಿಯೇ ಇತ್ತು. ಲೆಕ್ಕ ಹಾಕಿದರೆ ಅದೇ ಕಡಿಮೆ ಬೀಳುತ್ತಿತ್ತು.

ಅಲ್ಲಿಂದ ಮುಂದೆ ಬೆಲೆ ನೋಡುವ ಮೊದಲು ಒಂದು ಮೇಲ್ ಹಾಕುವ ಅಭ್ಯಾಸ ಮಾಡಿಕೊಂಡೆ. ಎಷ್ಟು ಕಡೆಯ ಟೇಸ್ಟಿಂಗ್ ಶುಲ್ಕ ಸೇರಿದೆ? ಒಂದೊಂದು ಕಡೆ ಎಷ್ಟು ಬಗೆಯ ವೈನ್ ಕೊಡುತ್ತಾರೆ? ಊಟ ಯಾರದು? ಗಾಡಿಯಲ್ಲಿ ಎಷ್ಟು ಜನ? ಹಿಂದಿನ ದಿನ ರದ್ದು ಮಾಡಿದರೆ ದುಡ್ಡು ವಾಪಸ್ ಬರುತ್ತಾ? ಇಷ್ಟಕ್ಕೆ ನೇರವಾಗಿ ಉತ್ತರ ಕೊಡದವರ ಹತ್ತಿರ ನಾನು ಬುಕ್ ಮಾಡುವುದಿಲ್ಲ. ಇನ್ನೊಂದು ಪ್ರಶ್ನೆಯನ್ನು ತಪ್ಪದೇ ಕೇಳುತ್ತೇನೆ. ರಸ್ತೆಯಲ್ಲಿ ಎಷ್ಟು ಹೊತ್ತು ಹೋಗುತ್ತದೆ? ಹತ್ತು ಗಂಟೆಯ ಟೂರ್‌ನಲ್ಲಿ ಐದು ಗಂಟೆ ವ್ಯಾನಿನಲ್ಲೇ ಕಳೆದರೆ, ಉಳಿದ ಐದು ಗಂಟೆಗೆ ಮಾತ್ರ ಆ ದುಡ್ಡು ಅಂತ ಭಾಗಿಸಿ ನೋಡುತ್ತೇನೆ. ತೋಟದ ಹತ್ತಿರದ ಊರಿನಲ್ಲೇ ಒಂದು ರಾತ್ರಿ ಉಳಿದು ಅರ್ಧ ದಿನದ ಟೂರ್ ಮಾಡುವುದು ಎಷ್ಟೋ ಸಲ ಇದಕ್ಕಿಂತ ಲಾಭ.

ವೈನರಿಗಳ ಸಂಖ್ಯೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಮೊದಲು ನಾನೂ ನಂಬಿದ್ದೆ. ಒಂದು ಸಲ ಅಳತೆ ಲೆಕ್ಕ ಹಾಕಿ ನೋಡಿ. ಟೇಸ್ಟಿಂಗ್‌ನಲ್ಲಿ ಒಂದು ಬಗೆಗೆ ಸಾಮಾನ್ಯವಾಗಿ 30ರಿಂದ 60 ಮಿಲಿ ಸುರಿಯುತ್ತಾರೆ. 40 ಮಿಲಿಯಂತೆ ಐದು ಬಗೆ ಅಂದರೆ ಒಂದು ಕಡೆಗೇ 200 ಮಿಲಿ. ಮೂರು ಕಡೆ ಸೇರಿ 600 ಮಿಲಿ. ಒಂದು ಬಾಟಲಿ ಇರುವುದೇ 750 ಮಿಲಿ! ನಾಲ್ಕನೆಯ ವೈನರಿಗೆ ಹೋಗುವ ಹೊತ್ತಿಗೆ ನಾಲಿಗೆಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಆದ್ದರಿಂದ ದಿನಕ್ಕೆ ಐದು ವೈನರಿ ತೋರಿಸುತ್ತೇವೆ ಅನ್ನುವ ಟೂರ್‌ಗೆ ನಾನು ಜಾಸ್ತಿ ದುಡ್ಡು ಕೊಡುವುದಿಲ್ಲ. ಮೂರು ಸಾಕು, ಎರಡಾದರೆ ಇನ್ನೂ ಚೆನ್ನ. ರುಚಿ ನೋಡಿದ ವೈನನ್ನು ನುಂಗದೆ ಉಗುಳಲು ಕೌಂಟರಿನ ಮೇಲೆ ಪಾತ್ರೆ ಇಟ್ಟಿರುತ್ತಾರೆ. ಅದನ್ನು ಬಳಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ವೈನ್ ಮಾಡುವವರೇ ಅದನ್ನು ಬಳಸುತ್ತಾರೆ.

ಇಬ್ಬರು ಹೋದರೆ ಒಂದೇ ಟೇಸ್ಟಿಂಗ್ ತೆಗೆದುಕೊಂಡು ಹಂಚಿಕೊಳ್ಳಬಹುದಾ ಅಂತ ಕೇಳಿ. ಕೆಲವು ಕಡೆ ಒಪ್ಪುತ್ತಾರೆ. ಬಾಟಲಿ ಕೊಂಡರೆ ಟೇಸ್ಟಿಂಗ್ ಶುಲ್ಕ ಬಿಡುವ ವೈನರಿಗಳೂ ಇವೆ. ಆದರೆ ಶುಲ್ಕ ಉಳಿಸಲಿಕ್ಕೆ ಅಂತ ಬಾಟಲಿ ಕೊಳ್ಳುವುದು ಬೇಡ.

ಗೈಡ್‌ಗೆ ಕೊಡುವ ದುಡ್ಡಿನಿಂದ ನಮಗೆ ಸಿಗುವುದು ಎರಡು. ಒಂದು, ಕುಡಿದವರು ಗಾಡಿ ಓಡಿಸಬೇಕಾಗಿಲ್ಲ. ಇದರಲ್ಲಿ ಯಾವ ರಾಜಿಯೂ ಇಲ್ಲ. ಎರಡು, ನಾವಾಗಿ ಹೋದರೆ ತೆರೆಯದ ಬಾಗಿಲುಗಳು ಗೈಡ್ ಜೊತೆಗಿದ್ದರೆ ತೆರೆಯುತ್ತವೆ. ಫ್ರಾನ್ಸಿನ ಬೋರ್ಡೋದಂಥ ಕಡೆ ಹೆಸರಾಂತ ಎಸ್ಟೇಟ್‌ಗಳಿಗೆ ಮೊದಲೇ ಸಮಯ ಗೊತ್ತುಮಾಡಿಕೊಳ್ಳದೆ ಹೋದರೆ ಗೇಟಿನಿಂದಲೇ ವಾಪಸ್ ಬರಬೇಕು. ಅಲ್ಲಿ ಗೈಡ್ ಇದ್ದರೆ ಅನುಕೂಲ. ಆದರೆ ಎಲ್ಲ ಕಡೆ, ಎಲ್ಲ ದಿನವೂ ಈ ಎರಡೂ ಬೇಕಾ?

ಇದೇ ಪ್ರಶ್ನೆ ಇಟ್ಟುಕೊಂಡು ಎರಡನೆಯ ಸಲ ಅಲ್ಸಾಸ್‌ಗೆ ಹೋದೆವು. ಫ್ರಾನ್ಸಿನ ಪೂರ್ವದ ಅಂಚಿನಲ್ಲಿ ಸುಮಾರು 170 ಕಿಲೋಮೀಟರ್ ಉದ್ದದ ವೈನ್ ದಾರಿ ಅಲ್ಲಿದೆ. 1953ರಿಂದ ಇದೆ. ಊರುಗಳು ಒಂದಕ್ಕೊಂದು ಅಂಟಿಕೊಂಡಂತೆ ಇವೆ. ಮೊದಲ ದಿನಕ್ಕೆ ಮಾತ್ರ ಗೈಡ್ ತೆಗೆದುಕೊಂಡೆವು. ನಾವು ನಾಲ್ಕು ಜನ ಇದ್ದೆವು. ಖಾಸಗಿ ಗಾಡಿ ಮತ್ತು ಗೈಡ್‌ಗೆ ಕೇಳಿದ ದರ ಗುಂಪಿನ ಟೂರ್‌ನ ನಾಲ್ಕು ಸೀಟಿನ ಬೆಲೆಗೆ ಸಮ ಇತ್ತು. ಇಬ್ಬರೇ ಆಗಿದ್ದರೆ ತಲೆಗೆ ದುಪ್ಪಟ್ಟು ಬೀಳುತ್ತಿತ್ತು, ಆಗ ಗುಂಪಿನಲ್ಲೇ ಹೋಗುತ್ತಿದ್ದೆವು. ಈ ಭಾಗಾಕಾರವನ್ನು ಪ್ರತಿ ಸಲವೂ ಮಾಡಬೇಕು.

ಆ ಒಂದು ದಿನ ಗೈಡ್‌ಗೆ ಕೊಟ್ಟಿದ್ದು ಪೂರ್ತಿ ಸಾರ್ಥಕವಾಯಿತು. ಒಂದು ಮನೆಯ ನೆಲಮಾಳಿಗೆಗೆ ಕರೆದುಕೊಂಡು ಹೋದರು. ವಯಸ್ಸಾದ ಯಜಮಾನರು ಮೊದಲು ಸಿಹಿ ಇಲ್ಲದ ರೀಸ್ಲಿಂಗ್ ಎಂಬ ಬಿಳಿ ವೈನ್ ಕೊಟ್ಟು, ಕೊನೆಗೆ ಸಿಹಿ ಇರುವ ಗೆವುರ್ಟ್ಸ್‌ಟ್ರಾಮಿನರ್ ಕೊಟ್ಟರು. ನಾನು ಸುಮ್ನೆ ಮತ್ತೆ ಮೊದಲನೆಯದನ್ನು ಕೇಳಿದೆ. ಅವರು ನಕ್ಕು ಸುರಿದರು. ಆಗಷ್ಟೇ ಹಿತವಾಗಿದ್ದ ರೀಸ್ಲಿಂಗ್ ಈಗ ಬರೀ ಹುಳಿ! ಸಿಹಿ ಯಾಕೆ ಕೊನೆಗೆ ಬರುತ್ತದೆ ಅಂತ ಯಾರೂ ಬಾಯಿಮಾತಿನಲ್ಲಿ ಹೇಳಬೇಕಾಗಲಿಲ್ಲ. ಹೇಗೆ ಮೂಸಬೇಕು, ಏನು ಕೇಳಬೇಕು, ಯಾವ ಬೋರ್ಡ್ ಕಂಡರೆ ಒಳಗೆ ಹೋಗಬಹುದು, ಎಲ್ಲ ಆ ದಿನವೇ ಕಲಿತೆವು.

ಉಳಿದ ಎರಡು ದಿನ ಗೈಡ್ ಇಲ್ಲ, ಗಾಡಿಯೂ ಇಲ್ಲ. ರಿಕ್‌ವಿರ್, ಹುನಾವಿರ್, ರಿಬೋವಿಲ್ಲೆ ಊರುಗಳ ನಡುವೆ ದ್ರಾಕ್ಷಿ ಸಾಲುಗಳ ಮಧ್ಯದ ದಾರಿಯಲ್ಲಿ ನಡೆದೆವು. ಮೂರು ದಿನವೂ ಗೈಡ್ ಇಟ್ಟುಕೊಂಡಿದ್ದರೆ ಆಗುತ್ತಿದ್ದ ಖರ್ಚಿನಲ್ಲಿ ಮೂರನೇ ಎರಡು ಭಾಗ ಉಳಿಯಿತು. ಗೈಡ್ ಬೇಡ ಅನ್ನುವವನಲ್ಲ ನಾನು. ಗೈಡ್ ಮೊದಲ ದಿನಕ್ಕೆ ಬೇಕು, ಕೊನೆಯ ದಿನಕ್ಕಲ್ಲ.

ಹೋಗುವ ತಿಂಗಳೂ ಬಜೆಟ್‌ನ ಭಾಗವೇ. ಯುರೋಪಿನಲ್ಲಿ ದ್ರಾಕ್ಷಿ ಕೊಯ್ಲು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್. ನೋಡಲು ಚೆಂದ ನಿಜ. ಆದರೆ ರೂಮುಗಳು ದುಬಾರಿ, ತೋಟದವರಿಗೆ ಮಾತಾಡಲು ಪುರುಸೊತ್ತಿಲ್ಲ. ನಾವು ಮೇ ತಿಂಗಳಲ್ಲಿ ಹೋಗಿದ್ದೆವು. ಗೊಂಚಲು ಇರಲಿಲ್ಲ, ಆದರೆ ಯಜಮಾನರು ಒಂದು ಗಂಟೆ ಜೊತೆಗೆ ಕೂತರು.

ಬಜೆಟ್ ಹೆಚ್ಚಾಗಿ ತಪ್ಪುವುದು ಟೂರ್‌ನಲ್ಲಲ್ಲ, ಬಾಟಲಿಗಳಲ್ಲಿ. ಎರಡು ಗ್ಲಾಸ್ ಇಳಿದ ಮೇಲೆ ಎಲ್ಲವೂ ಬೇಕು ಅನಿಸುತ್ತದೆ. ಹಾಗಾಗಿ ಮನೆಯಿಂದ ಹೊರಡುವಾಗಲೇ ತಲೆಗೆ ಮೂರು ಬಾಟಲಿ ಅಂತ ಬರೆದಿಟ್ಟುಕೊಂಡೆವು. ಸಾಧಾರಣ ಬಾಟಲಿ ತುಂಬಿದಾಗ ಒಂದೂಕಾಲು ಕಿಲೋ ಆಸುಪಾಸು ತೂಗುತ್ತದೆ. ನೊರೆ ಬರುವ ವೈನ್‌ನದು ಇನ್ನೂ ಭಾರ, ಒಳಗಿನ ಒತ್ತಡ ತಡೆಯಲು ಗಾಜು ದಪ್ಪ ಇರುತ್ತದೆ. ವಿಮಾನದ ಹೆಚ್ಚುವರಿ ತೂಕದ ದರ, ನಿಮ್ಮ ದೇಶದ ಕಸ್ಟಮ್ಸ್ ಮಿತಿ ಎರಡನ್ನೂ ಹೊರಡುವ ಮೊದಲೇ ನೋಡಿಕೊಳ್ಳಿ. ವೈನರಿಯಿಂದಲೇ ಕೊರಿಯರ್ ಮಾಡಿಸಿದರೆ ಸಾಗಣೆ ಖರ್ಚು ವೈನ್ ಬೆಲೆಯನ್ನೇ ಮೀರಬಹುದು.

ಮುಂದಿನ ಸಲ ದಕ್ಷಿಣ ಆಫ್ರಿಕಾದ ಫ್ರಾನ್ಶ್‌ಹೂಕ್‌ಗೆ ಹೋಗುವ ಮನಸ್ಸಿದೆ. ಅಲ್ಲಿ ವೈನ್ ಟ್ರಾಮ್ ಇದೆ. ಒಂದು ಟಿಕೆಟ್ ತೆಗೆದುಕೊಂಡರೆ ಬೇಕಾದ ತೋಟದಲ್ಲಿ ಇಳಿದು ಮತ್ತೆ ಹತ್ತಬಹುದು. ಟೇಸ್ಟಿಂಗ್ ಶುಲ್ಕ ಟಿಕೆಟ್‌ನಲ್ಲಿ ಸೇರಿಲ್ಲ. ಅದನ್ನು ಆಗಲೇ ಬೇರೆ ಸಾಲಿನಲ್ಲಿ ಬರೆದಿಟ್ಟಿದ್ದೇನೆ.