ನೆರೆಗೆ ಮುಂಚೆ ಪಂಚಾಯಿತಿ ಸಿಬ್ಬಂದಿಗೆ ತರಬೇತಿ: ನಾವು ನಡೆಸುವ ಬಗೆ

ಚಿಕ್ಕೋಡಿ, ರಾಯಬಾಗ, ಅಥಣಿ, ಜಮಖಂಡಿ ಕಡೆಯ ಕೃಷ್ಣಾ ತೀರದಲ್ಲಿ ನೆರೆ ಬರುವುದು ಹೆಚ್ಚಾಗಿ ಜುಲೈ ಕೊನೆಗೆ, ಇಲ್ಲವೇ ಆಗಸ್ಟ್‌ನಲ್ಲಿ. 2005, 2019, 2021ರಲ್ಲೂ ಹಾಗೇ ಆಯಿತು. ಆದರೂ ತರಬೇತಿಯನ್ನು ಮೇ ತಿಂಗಳಲ್ಲೇ ಮುಗಿಸಿಬಿಡುವ ರೂಢಿ ಇದೆ. ನಾವು ಜೂನ್ ಕೊನೆಯ ವಾರವೇ ಬೇಕು ಎಂದು ಪಟ್ಟು ಹಿಡಿಯುತ್ತೇವೆ. ಸಾರ್ವತ್ರಿಕ ವರ್ಗಾವಣೆ ಅಷ್ಟರಲ್ಲಿ ಬಹುಮಟ್ಟಿಗೆ ಮುಗಿದಿರುತ್ತದೆ. ಮೇನಲ್ಲಿ ಕಲಿತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಸ್ಟ್‌ನಲ್ಲಿ ಇನ್ನೊಂದು ಜಿಲ್ಲೆಯಲ್ಲಿದ್ದರೆ ಊರಿಗೆ ಏನೂ ಉಳಿಯುವುದಿಲ್ಲ.

ವಿಪತ್ತು ನಿರ್ವಹಣಾ ಕಾಯ್ದೆ, 2005ರ 41ನೇ ಕಲಂ ಪ್ರಕಾರ ತನ್ನ ಸಿಬ್ಬಂದಿಗೆ ತರಬೇತಿ ಕೊಡಿಸುವುದು, ಸಾಮಗ್ರಿಗಳನ್ನು ಬಳಕೆಗೆ ಸಿದ್ಧವಾಗಿಡುವುದು ಸ್ಥಳೀಯ ಸಂಸ್ಥೆಯದೇ ಕರ್ತವ್ಯ. ಕಾಯ್ದೆಯ ಮಾತನ್ನು ಇಪ್ಪತ್ತು ನಿಮಿಷಕ್ಕೆ ಮುಗಿಸುತ್ತೇವೆ. ಉಳಿದ ದಿನವೆಲ್ಲ ಟೇಬಲ್ ಮೇಲಿನ ಅಭ್ಯಾಸ: ನೆರೆ ಬಂದಿದೆ ಎಂದುಕೊಂಡು ಪಂಚಾಯಿತಿಗೊಂದು ಟೇಬಲ್ ಸುತ್ತ ಕೂತು ನಿರ್ಧಾರ ಮಾಡುವುದು.

ಒಂದು ದಿನಕ್ಕೆ ಆರು ಗ್ರಾಮ ಪಂಚಾಯಿತಿ ಸಾಕು. ಪ್ರತಿಯೊಂದರಿಂದ ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ನೀರುಗಂಟಿ (ಊರಿಗೆ ಕುಡಿಯುವ ನೀರು ಬಿಡುವವರು), ಒಬ್ಬ ಆಶಾ ಕಾರ್ಯಕರ್ತೆ, ಅಧ್ಯಕ್ಷರು ಅಥವಾ ನದಿ ಬದಿಯ ವಾರ್ಡಿನ ಸದಸ್ಯರು ಬರಬೇಕು. ಲೈನ್‌ಮನ್, ಪಶು ವೈದ್ಯರು, ಠಾಣೆಯಿಂದ ಒಬ್ಬರು ಎಲ್ಲ ಟೇಬಲ್‌ಗಳಿಗೂ ಸಮಾನ. ತಹಶೀಲ್ದಾರ್ ಮತ್ತು ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ ಪಕ್ಕದ ಕೋಣೆಯಲ್ಲಿ ಒಂದು ಟೇಬಲ್, ಒಂದು ಫೋನ್. ಅವರು ವೇದಿಕೆಯ ಮೇಲೆ ಕೂತರೆ ಕೆಳಗಿನವರು ಯಾವ ನಿರ್ಧಾರವನ್ನೂ ತೆಗೆದುಕೊಳ್ಳುವುದಿಲ್ಲ. ಪ್ರತಿ ಪ್ರಶ್ನೆಗೂ ಸಾಹೇಬರ ಮುಖ ನೋಡುತ್ತಾರೆ. ಈ ವಿಷಯವನ್ನು ಮುಂಚೆಯೇ ಅವರ ಬಳಿ ಮಾತಾಡಿ ಒಪ್ಪಿಸಿಕೊಳ್ಳಬೇಕು.

ಮೊದಲ ಕೆಲಸ ನಕ್ಷೆ. ಗ್ರಾಮ ನಕ್ಷೆಯನ್ನು ಟೇಬಲ್ ತುಂಬುವಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುತ್ತೇವೆ. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಗೆ ನೀಲಿ ಗೆರೆ. ಗುಡಿಯ ಎಷ್ಟನೇ ಮೆಟ್ಟಿಲು, ಯಾರ ಮನೆಯ ಹೊಸ್ತಿಲು ಎಂದು ಸದಸ್ಯರಿಗೂ ನೀರುಗಂಟಿಗೂ ಬಾಯಲ್ಲೇ ಇರುತ್ತದೆ. ಆಮೇಲೆ ಕೆಂಪು ಗೆರೆ: ಯಾವ ರಸ್ತೆ, ಯಾವ ಸೇತುವೆ ಮೊದಲು ಮುಳುಗುತ್ತದೆ. ಊರೊಳಗೆ ನೀರು ಬರುವ ಮುಂಚೆಯೇ ಹಿಂದಿನ ಹಳ್ಳ ತುಂಬಿ ದಾರಿ ಕಡಿದು ಊರು ನಡುಗಡ್ಡೆಯಾಗುವುದು ಇಲ್ಲಿ ಮಾಮೂಲು. ಹಾಗಾಗಿ ಜನರನ್ನು ಸಾಗಿಸಲು ಇರುವ ಗಡುವು ಕೆಂಪು ಗೆರೆಯದೇ ಹೊರತು ನೀಲಿ ಗೆರೆಯದಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗುತ್ತದೆ. ಇಲ್ಲಿಯ ನೆರೆ ಇಲ್ಲಿಯ ಮಳೆಯಿಂದ ಬರುವುದಲ್ಲ. ನೀರು ಬರುವುದು ಮಹಾರಾಷ್ಟ್ರದ ಘಟ್ಟಗಳಿಂದ, ಕೊಯ್ನಾ ಕಡೆಯಿಂದ. ಊರಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಅದಕ್ಕೇ ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನ ಹೊರಹರಿವಿಗೆ ದೂಧಗಂಗಾ ಹರಿವು ಕೂಡಿ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳದಲ್ಲಿ ಎಷ್ಟಾಯಿತು ಎನ್ನುವ ಅಂಕಿಯನ್ನು ದಿನಾ ನೋಡಬೇಕು. ಲಕ್ಷ ಕ್ಯೂಸೆಕ್ (ಸೆಕೆಂಡಿಗೆ ಲಕ್ಷ ಘನ ಅಡಿ) ಇಡೀ ದಿನ ಹರಿದರೆ 8.64 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಆದರೆ ಊರಿಗೆ ಬೇಕಾದ್ದು ಟಿಎಂಸಿ ಅಲ್ಲ, ಎಷ್ಟು ಕ್ಯೂಸೆಕ್‌ಗೆ ಯಾವ ಓಣಿ ಮುಳುಗುತ್ತದೆ ಎನ್ನುವ ಲೆಕ್ಕ. ಹಳೆಯ ವರ್ಷಗಳ ಅಂಕಿ, ಜನರ ನೆನಪು ಎರಡನ್ನೂ ಎದುರುಬದುರು ಇಟ್ಟರೆ ಆ ಲೆಕ್ಕ ಅರ್ಧ ಗಂಟೆಯಲ್ಲಿ ಸಿದ್ಧವಾಗುತ್ತದೆ.

ನಂತರ ಚೀಟಿಗಳು, ಒಂದೊಂದರಲ್ಲೂ ಒಂದು ಕಲ್ಪಿತ ಸಂಗತಿ. ಹತ್ತು ನಿಮಿಷಕ್ಕೊಂದು ಚೀಟಿ, ಪ್ರತಿ ಚೀಟಿಯ ಮೇಲೆ ಆ ಸಂಗತಿ ನಡೆದ ಗಂಟೆ. ರಾತ್ರಿ 9: ಹರಿವು ಏರುತ್ತಿದೆ, ಬೆಳಗಿನೊಳಗೆ ಸೇತುವೆ ಮುಳುಗಬಹುದು. 10.15: ಕರೆಂಟ್ ಹೋಯಿತು. 11: ಗರ್ಭಿಣಿಯೊಬ್ಬರಿಗೆ ನೋವು ಶುರುವಾಗಿದೆ. 11.30: ಎಮ್ಮೆ ಬಿಟ್ಟು ಬರುವುದಿಲ್ಲ ಎಂದು ತೋಟದ ಮನೆಗಳವರು ಕೂತಿದ್ದಾರೆ. 12: ಡ್ಯಾಮ್ ಒಡೆಯಿತು ಎಂಬ ವಾಟ್ಸ್‌ಆ್ಯಪ್ ಆಡಿಯೊ. ಹನ್ನೆರಡು ಚೀಟಿಗಿಂತ ಹೆಚ್ಚಾದರೆ ಜನ ಉತ್ತರ ಗೀಚಿ ಮುಂದಕ್ಕೆ ಹೋಗುತ್ತಾರೆ, ಯೋಚಿಸುವುದಿಲ್ಲ. ಉತ್ತರದಲ್ಲಿ ಯಾರು, ಎಷ್ಟು ಗಂಟೆಯೊಳಗೆ, ಯಾವ ವಾಹನ ಅಥವಾ ಸಾಮಾನಿನಿಂದ ಎಂಬ ಮೂರೂ ಇರಲೇಬೇಕು. "ಅಗತ್ಯ ಕ್ರಮ ಕೈಗೊಳ್ಳಲಾಗುವುದು" ಎಂದು ಬರೆದ ಚೀಟಿ ವಾಪಸ್.

ಗರ್ಭಿಣಿಯ ಚೀಟಿ ಬಂದಾಗ ಆಶಾ ಕಾರ್ಯಕರ್ತೆಯರು ತಮ್ಮ ರಿಜಿಸ್ಟರ್ ತೆಗೆಯುತ್ತಾರೆ. ಹೆರಿಗೆ ದಿನಾಂಕ ಮುಂದಿನ ಒಂದು ತಿಂಗಳೊಳಗೆ ಇರುವವರನ್ನು ಸೇತುವೆ ಮುಳುಗುವ ಮುಂಚೆಯೇ ತಾಲ್ಲೂಕು ಆಸ್ಪತ್ರೆಯ ಹತ್ತಿರಕ್ಕೆ ಕಳಿಸಬೇಕೆಂಬುದು ಅವರಿಗೆ ಯಾರೂ ಹೇಳದೆಯೇ ಹೊಳೆಯುತ್ತದೆ. ಡಯಾಲಿಸಿಸ್‌ನವರು, ಹಾಸಿಗೆ ಹಿಡಿದವರು ಅದೇ ಪಟ್ಟಿಗೆ ಸೇರುತ್ತಾರೆ. ಎಮ್ಮೆಯ ಚೀಟಿಗೆ ಮಾತ್ರ ಬಹಳ ಚರ್ಚೆಯಾಗುತ್ತದೆ. ಜಾನುವಾರಿಗೆ ಜಾಗ ತೋರಿಸದೆ ಜನರನ್ನು ಎಬ್ಬಿಸಲಾಗದು. ಎತ್ತರದ ಗೋಮಾಳವೋ ಎಪಿಎಂಸಿ ಅಂಗಳವೋ ಮೊದಲೇ ಗೊತ್ತು ಮಾಡಿ, ದೊಡ್ಡ ಜಾನುವಾರಿಗೆ ದಿನಕ್ಕೆ 5–6 ಕೆಜಿ ಒಣಮೇವು, ಸುಮಾರು 40 ಲೀಟರ್ ನೀರು ಎಂದು ಹಿಡಿಯಬೇಕು. ದನ ಮೊದಲು ಹೋದರೆ ಮನೆಯವರು ತಾವಾಗಿ ಹಿಂದೆ ಹೊರಡುತ್ತಾರೆ.

ಸಂದೇಶ ಬರೆಯುವುದನ್ನೂ ಕಲಿಸಬೇಕು. "ನದಿ ತೀರದ ಸಾರ್ವಜನಿಕರು ಎಚ್ಚರಿಕೆಯಿಂದಿರಿ" ಎಂಬ ಸಂದೇಶದಿಂದ ಯಾರೂ ಒಂದು ಹೆಜ್ಜೆಯೂ ಇಡುವುದಿಲ್ಲ. ನಾವು ಬರೆಸುವುದು ಹೀಗೆ: "ಇಂದು ಸಂಜೆ 5ರ ಸಂದೇಶ. ನಾಳೆ ಬೆಳಿಗ್ಗೆ 6ರೊಳಗೆ ಹಳ್ಳದ ಸೇತುವೆ ಮುಳುಗಬಹುದು. 1 ಮತ್ತು 2ನೇ ವಾರ್ಡಿನವರು ರಾತ್ರಿ 9ರೊಳಗೆ ಹೈಸ್ಕೂಲಿಗೆ ಬನ್ನಿ. ಟ್ರ್ಯಾಕ್ಟರ್ ಮಾರುತಿ ಗುಡಿ ಮುಂದೆ ನಿಂತಿದೆ. ಆಧಾರ್, ರೇಷನ್ ಕಾರ್ಡ್, ಔಷಧಿ ತನ್ನಿ." ಹೊತ್ತು ನಮೂದಿಸದಿದ್ದರೆ ಮೂರು ದಿನದ ನಂತರವೂ ಅದೇ ಸಂದೇಶ ಫಾರ್ವರ್ಡ್ ಆಗುತ್ತಿರುತ್ತದೆ. ಕರೆಂಟ್ ಇಲ್ಲದಾಗ ಮೈಕಿಗೆ ಬ್ಯಾಟರಿ ಬೇಕು, ಅದೂ ಇಲ್ಲದಿದ್ದರೆ ಡಂಗುರ.

ಎಲ್ಲರೂ ಬೆಚ್ಚಿಬೀಳುವುದು ಕಾಳಜಿ ಕೇಂದ್ರದ (ನೆರೆ ಸಂತ್ರಸ್ತರನ್ನು ಇರಿಸುವ ಜಾಗ) ಲೆಕ್ಕ ಹಾಕಿದಾಗ. 400 ಜನರಿಗೆ ಊರ ಶಾಲೆ ಎಂದು ವಿಪತ್ತು ನಿರ್ವಹಣಾ ಯೋಜನೆಯಲ್ಲಿ ಬರೆದಿರುತ್ತಾರೆ. ಪರಿಹಾರ ಕಾರ್ಯಕ್ಕೆ ಅಂತರರಾಷ್ಟ್ರೀಯವಾಗಿ ಬಳಸುವ ಸ್ಫಿಯರ್ ಮಾನದಂಡದಲ್ಲಿ ತಲೆಗೆ 3.5 ಚದರ ಮೀಟರ್ ಜಾಗ. 20x20 ಅಡಿಯ ತರಗತಿ 37 ಚದರ ಮೀಟರ್, ಅಂದರೆ ಹತ್ತು ಜನ. ಒಂದೆರಡು ರಾತ್ರಿಗೆ ಇಪ್ಪತ್ತು ಜನರನ್ನು ಒತ್ತಿದರೂ ಎಂಟು ಕೋಣೆಯಲ್ಲಿ 160 ಮಂದಿ. ಮಿಕ್ಕ 240 ಜನ ಎಲ್ಲಿ? ತಲೆಗೆ ದಿನಕ್ಕೆ 15 ಲೀಟರ್‌ನಂತೆ 400 ಜನರಿಗೆ ನೀರು 6,000 ಲೀಟರ್. ಶೌಚಾಲಯ ಮೊದಲ ದಿನಗಳಲ್ಲಿ 50 ಜನಕ್ಕೊಂದು, ಆಮೇಲೆ 20ಕ್ಕೊಂದು, ಒಂದು ಗಂಡಸರದಾದರೆ ಮೂರು ಹೆಂಗಸರದು. ಈ ಲೆಕ್ಕವನ್ನು ಪಿಡಿಒ ತಮ್ಮ ಕೈಯಾರೆ ಹಾಕಬೇಕು. ಆಗಲೇ ಕಲ್ಯಾಣ ಮಂಟಪ, ಪಕ್ಕದ ಊರಿನ ಹಾಸ್ಟೆಲ್ ಎಂದು ಎರಡನೇ, ಮೂರನೇ ಕಟ್ಟಡ ಪಟ್ಟಿಗೆ ಬರುತ್ತದೆ. ಪ್ರತಿ ಕಟ್ಟಡದ ಕೀಲಿ ಯಾರ ಬಳಿ ಎಂದೂ ಬರೆಯಬೇಕು. ಮುಖ್ಯ ಶಿಕ್ಷಕರು ಬೇರೆ ಊರಿನಲ್ಲಿ ವಾಸವಿದ್ದರೆ ರಾತ್ರಿ 11ಕ್ಕೆ ಬಾಗಿಲು ತೆಗೆಯುವವರಿಲ್ಲ.

ಊಟದ ನಂತರ ಫೋನ್ ಪಟ್ಟಿ. ತಾಲ್ಲೂಕು ಯೋಜನೆಯಲ್ಲಿರುವ ಪ್ರತಿ ನಂಬರಿಗೂ ಅಲ್ಲೇ ಡಯಲ್ ಮಾಡಿಸುತ್ತೇವೆ. ನಿವೃತ್ತರದು, ವರ್ಗವಾದವರದು, ಸ್ವಿಚ್ ಆಫ್ ಆದದ್ದು ಎಲ್ಲ ಹೊರಬೀಳುತ್ತದೆ. ಜೆಸಿಬಿ, ಟ್ರ್ಯಾಕ್ಟರ್ ಮಾಲೀಕರ ಜೊತೆಗೆ ಡ್ರೈವರ್ ನಂಬರೂ ಬೇಕು. ಜಿಲ್ಲಾ ಕಂಟ್ರೋಲ್ ರೂಮಿನ 1077 ಎಲ್ಲರ ಮೊಬೈಲಿನಲ್ಲೂ ಸೇವ್ ಆಗಬೇಕು. ಬೋಟ್ ಇರುವ ಕಡೆ ಎಂಜಿನ್ನನ್ನು ಹದಿನೈದು ದಿನಕ್ಕೊಮ್ಮೆ ಚಾಲೂ ಮಾಡಲೇಬೇಕು. ಟ್ಯಾಂಕಿನಲ್ಲಿ ಕೂತ ಹಳೆಯ ಪೆಟ್ರೋಲ್ ಅಂಟಾಗಿ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ, ಬೇಕಾದ ದಿನ ಹಗ್ಗ ಎಳೆದು ಕೈ ನೋಯುವುದಷ್ಟೇ. ಎಷ್ಟು ಸೀಟೋ ಅಷ್ಟು ಲೈಫ್ ಜಾಕೆಟ್.

ಕೊನೆಯ ಒಂದೂವರೆ ಗಂಟೆ ನೀರುಗಂಟಿಗಳದು. ನೆರೆ ಇಳಿದ ಮೇಲೆ ರೋಗ ಹರಡದಂತೆ ತಡೆಯುವವರು ಅವರೇ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 28,000 ಲೀಟರ್. ಸಾಧಾರಣ ದಿನಗಳಲ್ಲಿ ಸಾವಿರ ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್, ಅಂದರೆ 70 ಗ್ರಾಂ. ನೆರೆ ನೀರು ಹೊಕ್ಕ ಬಾವಿಗೆ ಅದು ಸಾಲದು. ಕೆಸರು ತೆಗೆದು, ಪೌಡರ್ ಹಾಕಿ, ಒಂದು ಗಂಟೆ ಬಿಟ್ಟು ಕಿಟ್‌ನಲ್ಲಿ ಪರೀಕ್ಷಿಸಿ, ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿಯುವವರೆಗೆ ಹೆಚ್ಚಿಸಬೇಕು. ಪೌಡರನ್ನು ಬಕೆಟ್‌ನಲ್ಲಿ ಗಂಜಿಯಂತೆ ಕಲಸಿ, ಮುಕ್ಕಾಲು ನೀರು ತುಂಬಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಾವಿಗಿಳಿಸಿ ಕಲಕಬೇಕು. ತಳದ ಸುಣ್ಣ ಬಾವಿಗೆ ಬೀಳಬಾರದು. ಬಾಯಿ ತೆರೆದಿಟ್ಟ ಚೀಲದ ಪೌಡರಿನಲ್ಲಿ ಕ್ಲೋರಿನ್ ಬಹುಪಾಲು ಹಾರಿಹೋಗಿರುತ್ತದೆ. ಅದನ್ನು ಎಷ್ಟು ಹಾಕಿದರೂ ಕಿಟ್‌ನಲ್ಲಿ ಬಣ್ಣ ಬರುವುದಿಲ್ಲ. ಇದನ್ನೆಲ್ಲ ಬಾಯಲ್ಲಿ ಹೇಳದೆ, ಬಕೆಟ್ ಮುಂದಿಟ್ಟು ಅವರ ಕೈಯಲ್ಲೇ ಮಾಡಿಸುತ್ತೇವೆ.

ಹೊರಡುವ ಮುಂಚೆ ನಕ್ಷೆ, ಕ್ಯೂಸೆಕ್ ಲೆಕ್ಕ, ಕೀಲಿ ಪಟ್ಟಿ, ಫೋನ್ ಪಟ್ಟಿಗಳ ಮೂರು ಪ್ರತಿ ತೆಗೆಸುತ್ತೇವೆ. ಒಂದು ಪಂಚಾಯಿತಿ ಗೋಡೆಗೆ, ಒಂದು ತಹಶೀಲ್ದಾರ್ ಕಚೇರಿಗೆ, ಇನ್ನೊಂದು ಪಿಡಿಒ ಪ್ರಭಾರ ಹಸ್ತಾಂತರದ ಕಡತಕ್ಕೆ. ಮುಂದೆ ಬರುವ ಪಿಡಿಒ ಚಾರ್ಜ್ ತೆಗೆದುಕೊಳ್ಳುವಾಗ ಅದಕ್ಕೂ ಸಹಿ ಹಾಕಬೇಕೆಂದು ಇಒ ಅವರಿಂದ ಅಂದೇ ಒಂದು ಜ್ಞಾಪನ ಹೊರಡಿಸುತ್ತೇವೆ.