ಜನರೇಟರ್ ಕೈಕೊಟ್ಟ ಮೇಲೆ ನಾನು ಕೊಂಡ ಕೀಬೋರ್ಡ್

ಅರಸೀಕೆರೆ ಕಡೆಯ ಒಂದು ಹಳ್ಳಿ. ಗಣೇಶನ ಪೆಂಡಾಲ್. ರಾತ್ರಿ ಹನ್ನೊಂದರ ಹತ್ತಿರ, ಹಾಡಿನ ಎರಡನೇ ಚರಣ ಶುರುವಾಗುವ ಹೊತ್ತಿಗೆ ಸರಿಯಾಗಿ ಜನರೇಟರ್ ಕೈಕೊಟ್ಟಿತು. ಒಂದೇ ನಿಮಿಷಕ್ಕೆ ಕರೆಂಟ್ ವಾಪಸ್ ಬಂತು. ಗಿಟಾರ್‌ನವನು ರೆಡಿ, ರಿದಮ್ ಪ್ಯಾಡ್‌ನವನು ರೆಡಿ. ನನ್ನ ಹಳೇ ಕೀಬೋರ್ಡ್ ಮಾತ್ರ ಇನ್ನೂ ಕಣ್ಣು ಬಿಡುತ್ತಿತ್ತು. ಬಿಟ್ಟ ಮೇಲೂ ಅದರ ತಲೆ ಖಾಲಿ. ಆವತ್ತಿನ ಅಷ್ಟೂ ಹಾಡಿನ ಸೀಕ್ವೆನ್ಸ್, ಅಂದರೆ ಕೀಬೋರ್ಡ್ ತಾನೇ ನುಡಿಸಲಿಕ್ಕೆ ಮೊದಲೇ ತುಂಬಿಸಿಟ್ಟ ವಾದ್ಯಗಳ ಭಾಗ, ಅಳಿಸಿಹೋಗಿತ್ತು. ಪೆನ್‌ಡ್ರೈವ್‌ನಿಂದ ಮತ್ತೆ ತುಂಬಿಸಬೇಕು, ಪೆನ್‌ಡ್ರೈವ್ ವ್ಯಾನಿನಲ್ಲಿದ್ದ ಬ್ಯಾಗಿನಲ್ಲಿತ್ತು. ನಾನು ಓಡಿದೆ. "ಹಾಡು ಉಂಟಾ, ನಾವು ಮನೆಗೆ ಹೋಗೋದಾ?" ಅಂತ ಕತ್ತಲಲ್ಲಿ ಯಾರೋ ಕೂಗಿದರು.

ಇದು ಕೆಟ್ಟ ಕೀಬೋರ್ಡ್ ಅಂತಲ್ಲ. ಸೀಕ್ವೆನ್ಸ್ ಓಡಿಸುವ ಸೀಕ್ವೆನ್ಸರ್ ಒಳಗೇ ಇರುವ ಕೀಬೋರ್ಡ್‌ಗೆ ವರ್ಕ್‌ಸ್ಟೇಷನ್ ಅನ್ನುತ್ತಾರೆ. ತುಂಬಾ ವರ್ಕ್‌ಸ್ಟೇಷನ್‌ಗಳಲ್ಲಿ ಸೀಕ್ವೆನ್ಸರ್‌ನ ಹಾಡುಗಳು ಕರೆಂಟ್ ಇರುವ ತನಕ ಮಾತ್ರ ನೆನಪಿನಲ್ಲಿ ಇರುತ್ತವೆ. ಆಫ್ ಆದರೆ ಹೋಯಿತು. ಮನೆಯಲ್ಲಿ ಇದು ತೊಂದರೆಯೇ ಅಲ್ಲ. ಪೆಂಡಾಲ್‌ನಲ್ಲಿ ಬೇರೆ ಕಥೆ.

ನಮ್ಮ ಆರ್ಕೆಸ್ಟ್ರಾದಲ್ಲಿ ಒಂದು ಕಾಲಕ್ಕೆ ಹದಿನಾಲ್ಕು ಜನ ಇದ್ದರು. ಕೊಳಲು, ವಯಲಿನ್, ಬೇಸ್ ಗಿಟಾರ್, ಎರಡು ಕೀಬೋರ್ಡ್. ಈಗ ಹಾಡುವವರನ್ನು ಬಿಟ್ಟರೆ ನಾಲ್ಕೇ ಜನ. ಕಾರ್ಯಕ್ರಮ ಇಡಿಸುವವರು ಕೊಡುವ ದುಡ್ಡಿನಲ್ಲಿ ಅಷ್ಟೇ ಆಗುವುದು. ಬೇಸ್, ಸ್ಟ್ರಿಂಗ್ಸ್, ಹಾಡಿನ ಮಧ್ಯೆ ಬರುವ ಕೊಳಲಿನ ಬಿಟ್, ಹಿಂದಿನಿಂದ ಒಂದು ಶೇಕರ್, ಇದೆಲ್ಲ ಸೀಕ್ವೆನ್ಸ್‌ನಿಂದ ಬರಬೇಕು. "ಹಾಗಾದ್ರೆ ಪೆನ್‌ಡ್ರೈವ್‌ನಲ್ಲಿ ಹಾಡಿನ ದನಿ ಇಲ್ಲದ ಮೈನಸ್ ಟ್ರ್ಯಾಕ್ ಹಾಕಿ ಹಾಡಿದ್ರಾಯ್ತಲ್ವಾ" ಅಂತ ನೀವು ಕೇಳಬಹುದು. ಮಾಡಿ ನೋಡಿದ್ದೇವೆ. ಗಾಯಕಿ ಬಂದು, "ಅಣ್ಣಾ, ಗಂಟಲು ಕೂತಿದೆ, ಇವತ್ತು ಶ್ರುತಿ ಅರ್ಧ ಇಳಿಸಿ" ಅಂದರೆ ಟ್ರ್ಯಾಕ್ ಹಾಕುವವನು ಏನು ಮಾಡುತ್ತಾನೆ? ರೆಕಾರ್ಡ್ ಆದ ಧ್ವನಿಯನ್ನು ಎಳೆದು ಇಳಿಸಿದರೆ ಕೇಳಿಸುವುದೂ ಎಳೆದ ಹಾಗೆಯೇ. ಮಿಡಿ ಸೀಕ್ವೆನ್ಸ್‌ನಲ್ಲಿ ಇರುವುದು ಧ್ವನಿ ಅಲ್ಲ, ಯಾವ ಮನೆ (ಕೀ), ಯಾವಾಗ, ಎಷ್ಟು ಜೋರು ಅನ್ನುವ ಲೆಕ್ಕ ಮಾತ್ರ. ಶ್ರುತಿ ಬದಲಿಸಿ, ವೇಗ ಬದಲಿಸಿ, ವಾದ್ಯದ ದನಿ ಹಾಗೇ ಇರುತ್ತದೆ. ಸೀಕ್ವೆನ್ಸ್‌ನಲ್ಲಿ ಒಂದೊಂದು ವಾದ್ಯಕ್ಕೆ ಒಂದೊಂದು ಟ್ರ್ಯಾಕ್, ಡ್ರಮ್ಸ್ ಟ್ರ್ಯಾಕ್ ಒಂದನ್ನು ಮಾತ್ರ ಮುಟ್ಟಬಾರದು. ಅದರಲ್ಲಿ ಒಂದೊಂದು ಮನೆಗೆ ಒಂದೊಂದು ವಾದ್ಯ. ಅರ್ಧ ಇಳಿಸಿದರೆ ಸ್ನೇರ್ ಡ್ರಮ್ ಇದ್ದಲ್ಲಿ ಅದರ ಅಂಚಿನ (ರಿಮ್) ಸದ್ದು ಹೊಡೆಯುತ್ತದೆ. ಒಮ್ಮೆ ಹೊಡೆದೂ ಇದೆ.

ಆ ರಾತ್ರಿ ಆದ ಮೇಲೆ ಹೊಸದು ತಗೊಳ್ಳಲೇಬೇಕು ಅಂತ ಆಯಿತು. ಮೊದಲು ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಬೆಂಗಳೂರಿಗೆ ಹೋಗಿ ಅಂಗಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಪಿಯಾನೊ ನುಡಿಸಿದೆ. ಎಲ್ಲದರಲ್ಲೂ ಪಿಯಾನೊ ಚೆನ್ನಾಗಿಯೇ ಇರುತ್ತದೆ ಮಾರಾಯ್ರೇ. ಸುಮ್ನೆ ಒಂದು ದಿನ ಹಾಳು.

ಎರಡನೇ ಸಲ ಹೋಗುವ ಮುಂಚೆ ಒಂದು ನೋಟ್‌ಬುಕ್‌ನಲ್ಲಿ, ಹಿಂದಿನ ಸೀಸನ್‌ನಲ್ಲಿ ಸ್ಟೇಜಿನ ಮೇಲೆ ಏನೇನು ಕೆಟ್ಟಿತ್ತೋ ಅದನ್ನಷ್ಟೇ ಬರೆದುಕೊಂಡೆ. ಕರೆಂಟ್ ಹೋಗಿದ್ದು. ಗಾಯಕ ಜೋಶಿನಲ್ಲಿ ಪಲ್ಲವಿಯನ್ನು ಮೂರನೇ ಸಲ ಹಾಡಿದ್ದು, ಸೀಕ್ವೆನ್ಸ್ ಮಾತ್ರ ತನ್ನ ಪಾಡಿಗೆ ಚರಣಕ್ಕೆ ಹೋಗಿದ್ದು. ಡ್ರಮ್ಸ್‌ನವನಿಗೆ ಕ್ಲಿಕ್ (ತಾಳ ಹಿಡಿಯಲಿಕ್ಕೆ ಕಿವಿಗೆ ಕೊಡುವ ಟಿಕ್ ಟಿಕ್) ಕೇಳದೆ ಅವನೂ ಸೀಕ್ವೆನ್ಸೂ ಬೇರೆಯಾಗಿದ್ದು. ಉದ್ದ ಸ್ಟ್ರಿಂಗ್ಸ್ ಹಿಡಿದಾಗ ಇದ್ದಕ್ಕಿದ್ದಂತೆ ಒಂದೆರಡು ಸ್ವರ ಮಾಯವಾಗಿದ್ದು. ಆ ಪಟ್ಟಿಯಲ್ಲಿ "ಸೌಂಡ್ ಚೆನ್ನಾಗಿಲ್ಲ" ಅಂತ ಒಂದು ಸಾಲೂ ಇರಲಿಲ್ಲ.

ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಕೀಬೋರ್ಡ್ ಒಟ್ಟಿಗೆ ಇಷ್ಟೇ ದನಿ ಹೊರಡಿಸಬಲ್ಲದು ಅಂತ ಲೆಕ್ಕ ಇರುತ್ತದೆ. ನಾವು ಒತ್ತುವುದು ಒಂದೇ ಮನೆ ಆದರೂ, ಸ್ಟೀರಿಯೊ ಸ್ಟ್ರಿಂಗ್ಸ್ ಎರಡು ಪದರ ಇದ್ದರೆ ನಾಲ್ಕು ದನಿ ಖರ್ಚು. ಹಿಂದೆ ಸೀಕ್ವೆನ್ಸ್ ಓಡುತ್ತಿದೆ, ಮೇಲೆ ನಾನು ಕಾಲಲ್ಲಿ ಪೆಡಲ್ ಒತ್ತಿ ಎರಡೂ ಕೈಯಲ್ಲಿ ನುಡಿಸುತ್ತಿದ್ದೇನೆ. ಲೆಕ್ಕ ಮೀರಿದ ಕೂಡಲೇ ಅದು ಯಾವುದಾದರೂ ಸ್ವರವನ್ನು ಕತ್ತರಿಸುತ್ತದೆ. ಅದಕ್ಕೆ ಮದ್ದು ಇನ್ನೂ ದೊಡ್ಡ ಕೀಬೋರ್ಡ್ ಅಂತ ನಾನು ಅಂದುಕೊಂಡಿದ್ದೆ. ನೋಟ್‌ಬುಕ್ ನೋಡುತ್ತಾ ಬೇರೆ ಯೋಚನೆ ಬಂತು. ಹಳೇದನ್ನು ನುಡಿಸಲಿಕ್ಕೆ ಇಟ್ಟುಕೊಂಡು, ಸೀಕ್ವೆನ್ಸ್ ಓಡಿಸಲಿಕ್ಕೇ ಅಂತ ಇನ್ನೊಂದು ಚಿಕ್ಕದು ತಂದರೆ? ಎರಡೂ ತಮ್ಮ ತಮ್ಮ ಕೆಲಸ ಮಾಡಿಕೊಂಡಿರುತ್ತವೆ. ಒಂದು ಕೆಟ್ಟರೆ ಕಾರ್ಯಕ್ರಮ ನಿಲ್ಲುವುದಿಲ್ಲ.

ಆಮೇಲೆ ಅಂಗಡಿಯಲ್ಲಿ ಎಲ್ಲವೂ ಬೇರೆ ಥರ ಕಾಣಿಸಿತು. ಯಮಹಾ ಮೋಡೆಕ್ಸ್-6 ನಿಜಕ್ಕೂ ಒಳ್ಳೆಯ ಸಾಮಾನು, 6.6 ಕೆಜಿ, ಮೇಲಿಂದ ನುಡಿಸಲಿಕ್ಕೆ ಹೇಳಿ ಮಾಡಿಸಿದ್ದು. ಆದರೆ ನನಗೆ ಬೇಕಿದ್ದು ಮೇಲಿಂದ ನುಡಿಸುವುದಲ್ಲ. ರೋಲ್ಯಾಂಡ್ ಫ್ಯಾಂಟಮ್-06 ನೋಡಿ ಮನಸ್ಸು ಸ್ವಲ್ಪ ಜಾರಿತು. 16 ಟ್ರ್ಯಾಕ್, 16 ಪ್ಯಾಡ್, ಹಾಡನ್ನು ತುಂಡು ತುಂಡಾಗಿ ಮಾಡಿ ಬೇಕಾದ ತುಂಡನ್ನು ಬೇಕಾದಷ್ಟು ಸಲ ತಿರುಗಿಸಬಹುದು. ಮೂರನೇ ಪಲ್ಲವಿ ಹಾಡುವ ಗಾಯಕನಿಗೆ ಅಂತಲೇ ಮಾಡಿದ ಹಾಗಿತ್ತು. ಬೆಲೆ ಲಕ್ಷದ ಮೇಲೆ, ಗೋಡೆಯ ಕರೆಂಟ್ ಇಲ್ಲದೆ ಓಡುವುದಿಲ್ಲ. ಕೋರ್ಗ್ ನಾಟಿಲಸ್‌ನಲ್ಲಿ 16 ಮಿಡಿ ಟ್ರ್ಯಾಕ್ ಜೊತೆ 16 ಆಡಿಯೊ ಟ್ರ್ಯಾಕ್, ಹೊರಗೆ ಬರುವ ಜ್ಯಾಕುಗಳೂ ಜಾಸ್ತಿ. ಅದರ ತೂಕ 13 ಕೆಜಿ ಹತ್ತಿರ. ನನ್ನ ಸೊಂಟದ ಅಭಿಪ್ರಾಯವನ್ನೂ ಕೇಳಬೇಕಲ್ವಾ!

ಬ್ಯಾಟರಿಯಲ್ಲಿ ಓಡುವವು ಎರಡೇ ಉಳಿದವು. ರೋಲ್ಯಾಂಡ್ ಜೂನೊ-ಡಿಎಸ್ 61 ಮತ್ತು ಕೋರ್ಗ್ ಕ್ರಾಸ್ 2. ಜೂನೊದ ಕೀ ಹಿತವಾಗಿತ್ತು, ಗುಂಡಿಗಳು ದೊಡ್ಡವು, ಆದರೆ ಸೀಕ್ವೆನ್ಸರ್‌ನಲ್ಲಿ ಎಂಟೇ ಟ್ರ್ಯಾಕ್. ಕ್ರಾಸ್ 2ರಲ್ಲಿ 16 ಟ್ರ್ಯಾಕ್, ತೂಕ 3.8 ಕೆಜಿ, ಆರು ಡಬಲ್-ಎ ಸೆಲ್ಲು ಹಾಕಿದರೆ ಆಯಿತು. ಮೈ ಪೂರ್ತಿ ಪ್ಲಾಸ್ಟಿಕ್, ಕೀ ತೀರಾ ಹಗುರ. ನಮ್ಮ ಪ್ಯಾಡ್‌ನವನು ಅದನ್ನು ಒಂದೇ ಕೈಯಲ್ಲಿ ಎತ್ತಿ, "ಮೇಷ್ಟ್ರೇ, ಇದನ್ನ ಮಕ್ಕಳಿಗೆ ತಗೊಂಡ್ರಾ?" ಅಂದ. ನಾನು ಅದನ್ನೇ ತಗೊಂಡೆ.

ಸೀಕ್ವೆನ್ಸ್ ಮಾಡುವುದು ಮನೆಯ ಲ್ಯಾಪ್‌ಟಾಪ್‌ನಲ್ಲಿ. ಅಲ್ಲಿಂದ ಮಿಡಿ ಫೈಲ್ ಆಗಿ ಎಸ್‌ಡಿ ಕಾರ್ಡ್‌ಗೆ, ಕಾರ್ಡ್‌ನಿಂದ ಕೀಬೋರ್ಡ್‌ಗೆ. ಮೊದಲ ಸಲ ತುಂಬಿಸಿ ಕೇಳಿದಾಗ ಎದೆ ಒಡೆದುಹೋಯಿತು. ಜಾತ್ರೆಯ ಆಟದ ಸಾಮಾನಿನ ಥರ ಕೇಳಿಸಿತು. ಕಾರಣ ಇಷ್ಟೇ: ಮಿಡಿ ಫೈಲ್‌ನೊಳಗೆ ವಾದ್ಯದ ನಂಬರ್ ಮಾತ್ರ ಇರುತ್ತದೆ. 1991ರಿಂದ ಇರುವ ಜನರಲ್ ಮಿಡಿ ಪಟ್ಟಿಯ ಪ್ರಕಾರ ಅದು ಸಾದಾ ಸೌಂಡ್ ಎತ್ತಿಕೊಳ್ಳುತ್ತದೆ. ಒಂದೊಂದು ಟ್ರ್ಯಾಕ್‌ಗೂ ಕೂತು ಬೇರೆ ಸೌಂಡ್ ಆರಿಸಿ, ವಾಲ್ಯೂಮ್ ಸರಿಮಾಡಿ ಉಳಿಸಬೇಕು. ಕೊಳಲಿನ ಗಮಕ ಪಿಚ್ ಬೆಂಡ್‌ನಲ್ಲಿ, ಅಂದರೆ ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಲೆಕ್ಕದಲ್ಲಿ, ಇರುತ್ತದೆ. ಹೊಸ ಸೌಂಡ್‌ನ ಬೆಂಡ್ ಅಳತೆ ಎರಡು ಅರ್ಧಸ್ವರಕ್ಕೆ ಇಲ್ಲದಿದ್ದರೆ ಗಮಕ ಎಲ್ಲಿಗೋ ಜಾರುತ್ತದೆ. ನನಗೆ ಒಂದು ಹಾಡಿಗೆ ಒಂದು ಸಂಜೆ ಹಿಡಿಯಿತು.

ಮೂರನೇ ಪಲ್ಲವಿಯ ಕಾಟಕ್ಕೆ ಬೇರೆ ದಾರಿ ಹಿಡಿದೆ. ಇಡೀ ಹಾಡನ್ನು ಸೀಕ್ವೆನ್ಸ್ ಮಾಡುವುದನ್ನೇ ಬಿಟ್ಟೆ. ಪಲ್ಲವಿ, ಚರಣ ನಾವು ನಾಲ್ವರೇ ನುಡಿಸುತ್ತೇವೆ, ಬೇಸನ್ನು ನನ್ನ ಎಡಗೈ ನೋಡಿಕೊಳ್ಳುತ್ತದೆ. ಮುನ್ನುಡಿ, ಮಧ್ಯದ ಬಿಟ್‌ಗಳು ಮಾತ್ರ ಸೀಕ್ವೆನ್ಸ್. ಒಂದೊಂದು ಬಿಟ್‌ಗೂ ಒಂದು ಬೇರೆ ಸಾಂಗ್, ಕಾಲಿನ ಸ್ವಿಚ್ ಒತ್ತಿದರೆ ಶುರು. ಗಾಯಕ ಪಲ್ಲವಿಯನ್ನು ಐದು ಸಲ ಬೇಕಾದರೂ ಹಾಡಲಿ, ನನ್ನ ಕಾಲು ಕಾಯುತ್ತದೆ. ಪ್ರತಿ ಬಿಟ್‌ಗೂ ಅರ್ಧ ಇಳಿಸಿದ ಒಂದು ಕಾಪಿ ಪಕ್ಕದ ನಂಬರ್‌ನಲ್ಲೇ ಇಟ್ಟಿದ್ದೇನೆ. ಸ್ಟೇಜಿನ ಮೇಲೆ ಮೆನು ಹುಡುಕುವ ಪುರುಸೊತ್ತು ಯಾರಿಗಿದೆ?

ಕ್ಲಿಕ್ ವಿಷಯ. ಈ ಕೀಬೋರ್ಡ್‌ನಿಂದ ಸೌಂಡ್ ಹೊರಗೆ ಕೊಡುವ ಲೈನ್ ಎಡ-ಬಲ ಎರಡೇ. ಹಾಗಾಗಿ ಕ್ಲಿಕ್ ಟ್ರ್ಯಾಕನ್ನು ಪೂರ್ತಿ ಎಡಕ್ಕೆ, ಉಳಿದೆಲ್ಲವನ್ನೂ ಪೂರ್ತಿ ಬಲಕ್ಕೆ ತಿರುಗಿಸಿದೆ. ಎಡದ್ದು ಡ್ರಮ್ಸ್‌ನವನ ಹೆಡ್‌ಫೋನ್‌ಗೆ, ಬಲದ್ದು ಮಿಕ್ಸರ್‌ಗೆ. ಸ್ಟೀರಿಯೊ ಹೋಯಿತು, ಹೋಗಲಿ. ಪೆಂಡಾಲ್‌ನ ಬಾಕ್ಸ್‌ಗಳಲ್ಲಿ ಯಾರು ಸ್ಟೀರಿಯೊ ಕೇಳುತ್ತಾರೆ? ಆದರೂ ಪ್ರಾಕ್ಟೀಸ್‌ನಲ್ಲಿ ಬಲಗಡೆಯಿಂದ ಸಣ್ಣಗೆ ಟಿಕ್ ಟಿಕ್ ಬರುತ್ತಲೇ ಇತ್ತು. ಎಷ್ಟು ಹೊತ್ತು ತಲೆ ಕೆರೆದುಕೊಂಡರೂ ತಿಳಿಯಲಿಲ್ಲ. ಕಡೆಗೆ ಗೊತ್ತಾಯಿತು, ಅದು ಕ್ಲಿಕ್ ಅಲ್ಲ, ಕ್ಲಿಕ್‌ನ ರಿವರ್ಬ್, ಅಂದರೆ ಅದರ ಹಿಂದೆ ಬರುವ ಗುಂಗು. ಟ್ರ್ಯಾಕ್ ಎಡಕ್ಕಿದ್ದರೂ ರಿವರ್ಬ್ ಎರಡೂ ಕಡೆ ಹರಡುತ್ತದೆ. ಆ ಟ್ರ್ಯಾಕ್‌ನಿಂದ ರಿವರ್ಬ್‌ಗೆ ಹೋಗುವ ಅಳತೆಯನ್ನು (ರಿವರ್ಬ್ ಸೆಂಡ್) ಸೊನ್ನೆ ಮಾಡಿದೆ, ನಿಂತಿತು.

ಇಷ್ಟೆಲ್ಲ ಮಾಡಿ ಹೋದ ಮೊದಲ ಕಾರ್ಯಕ್ರಮದಲ್ಲೇ ಸೌಂಡ್‌ನ ಹುಡುಗ ಎರಡೂ ಕೇಬಲ್ ತಗೊಂಡು ಮಿಕ್ಸರ್‌ಗೆ ಚುಚ್ಚಿದ. ಮದುವೆ ಆರತಕ್ಷತೆ. ಹುಡುಗ-ಹುಡುಗಿ ಹಾರ ಹಾಕಿಕೊಳ್ಳುತ್ತಿದ್ದಾರೆ, ಇಡೀ ಛತ್ರಕ್ಕೆ ಟಕ್ ಟಕ್ ಟಕ್ ಟಕ್. ಈಗ ಎಡದ ಕೇಬಲ್‌ಗೆ ಕೆಂಪು ಟೇಪ್ ಸುತ್ತಿ, "ಇದು ಸೌಂಡ್‌ಗೆ ಅಲ್ಲ" ಅಂತ ಬರೆದಿದ್ದೇನೆ.

ಸೆಲ್ಲಿನ ಬಗ್ಗೆ ಎರಡು ಮಾತು. ರೀಚಾರ್ಜ್ ಆಗುವ ಎರಡು ಸೆಟ್ ಇಟ್ಟುಕೊಂಡಿದ್ದೇನೆ, ಒಂದು ಒಳಗೆ, ಒಂದು ಜೇಬಿನಲ್ಲಿ. ಸೆಟಿಂಗ್‌ನಲ್ಲಿ ಯಾವ ಥರದ ಸೆಲ್ಲು ಅಂತ ಹೇಳದಿದ್ದರೆ ಎಷ್ಟು ಉಳಿದಿದೆ ಅನ್ನುವುದನ್ನು ಅದು ತಪ್ಪು ತೋರಿಸುತ್ತದೆ. ಆಟೊ ಪವರ್ ಆಫ್ ಅನ್ನು ಮೊದಲ ದಿನವೇ ತೆಗೆದುಬಿಡಿ. ಕಾರ್ಯಕ್ರಮದಲ್ಲಿ ಅಡಾಪ್ಟರ್ ಹಾಕುವುದೇ ಇಲ್ಲ. ಅದರಿಂದ ಜುಂಯ್ ಅನ್ನುವ ಹಮ್ ಕೂಡ ಆ ಲೈನಿನಲ್ಲಿ ಹೋಯಿತು, ಅದು ಕೇಳದೇ ಸಿಕ್ಕ ಲಾಭ.

ರಾಜ್ಯೋತ್ಸವದ ಒಂದು ಕಾರ್ಯಕ್ರಮದಲ್ಲಿ ಮತ್ತೆ ಕರೆಂಟ್ ಹೋಯಿತು. ಲೈಟ್ ಇಲ್ಲ, ಮೈಕ್ ಇಲ್ಲ, ನನ್ನ ಹಳೇ ಕೀಬೋರ್ಡೂ ಇಲ್ಲ. ಕತ್ತಲಲ್ಲಿ ಕ್ರಾಸ್‌ನ ಸಣ್ಣ ಪರದೆ ಒಂದೇ ಉರಿಯುತ್ತಿತ್ತು. ಕೊಳಲಿನ ಬಿಟ್ ತನ್ನ ಪಾಡಿಗೆ ಓಡುತ್ತಿತ್ತು, ಯಾರಿಗೂ ಕೇಳಿಸದೆ. ಬಾಕ್ಸ್‌ಗಳೇ ಸತ್ತ ಮೇಲೆ ಇದೊಂದು ಬದುಕಿ ಏನು ಬಂತು ಅಂತ ಡ್ರಮ್ಸ್‌ನವನು ನಕ್ಕ. ನಾನು ಅದನ್ನು ನಿಲ್ಲಿಸಿ, ಅದೇ ಬಿಟ್‌ನ ಮೊದಲಿಗೆ ತಂದು ಇಟ್ಟು, ಸ್ವಿಚ್ ಮೇಲೆ ಕಾಲಿಟ್ಟು ಕಾದೆ. ಜನರೇಟರ್ ಗುರ್ ಅಂತು, ಲೈಟ್ ಬಂತು, ಹಳೇದು ಇನ್ನೂ ಕಣ್ಣು ಬಿಡುತ್ತಿತ್ತು. ಗಾಯಕಿ ನನ್ನ ಕಡೆ ನೋಡಿದಳು. ಒತ್ತಿದೆ.